ಚೆಂಡು ಮುಟ್ಟಿದ ಮಾತ್ರಕ್ಕೆ ಮಾಫಿ ಇಲ್ಲ

ಸಾಸ್ತಾನದ ಆಚೀಚೆ, ಅಂದರೆ ಕೋಟ, ಸಾಲಿಗ್ರಾಮ, ಪಾಂಡೇಶ್ವರ, ಐರೋಡಿ, ಕೋಡಿ ಕನ್ಯಾನದ ಕಡೆ, ಸಂಜೆಯ ಆಟವೆಂದರೆ ಮೊದಲು ಕ್ರಿಕೆಟ್, ಆಮೇಲೆ ವಾಲಿಬಾಲ್, ಕಬಡ್ಡಿ. ಫುಟ್ಬಾಲಿನ ಸರದಿ ಬರುವುದು ಇವೆಲ್ಲ ಆದ ಮೇಲೆ. ಮಂಗಳೂರಿನ ನೆಹರೂ ಮೈದಾನಕ್ಕಿರುವ ಫುಟ್ಬಾಲ್ ಪರಂಪರೆ ನಮಗಿಲ್ಲ. ಹಾಗಾಗಿ ಇಲ್ಲಿ ಫುಟ್ಬಾಲಿಗೆ ಸೀಟಿ ಊದುವವರು ಹೆಚ್ಚಾಗಿ ನನ್ನಂಥ ದೈಹಿಕ ಶಿಕ್ಷಕರೇ. ಬೆಳಿಗ್ಗೆ ಖೋಖೋಗೆ ಅಂಪೈರ್, ಮಧ್ಯಾಹ್ನ ರಿಲೇಗೆ ಟೈಮ್ ಕೀಪರ್, ಸಂಜೆಯಾದರೆ ಫುಟ್ಬಾಲಿಗೆ ರೆಫ್ರಿ.

ಥ್ರೋ ಇನ್ ಯಾರದ್ದು, ಗೋಲ್ ಕಿಕ್ಕೋ ಕಾರ್ನರೋ, ಇವೆಲ್ಲ ಒಂದು ತಿಂಗಳಲ್ಲಿ ಕೈಹತ್ತುತ್ತವೆ. ಕೈಹತ್ತದ್ದು ಒಂದೇ. ಇಬ್ಬರು ಒಂದೇ ಚೆಂಡಿಗೆ ನುಗ್ಗಿದರು, ಒಬ್ಬ ಬಿದ್ದ. ಫೌಲೋ ಅಲ್ಲವೋ? ಇದಕ್ಕೆ ನೆಲದ ಮೇಲೆ ಗೆರೆ ಎಳೆದಿಲ್ಲ. ನಿಯಮ ಪುಸ್ತಕವೂ ಕೊನೆಗೆ 'ರೆಫ್ರಿಗೆ ಹಾಗೆ ಕಂಡರೆ' ಎಂದು ಭಾರವನ್ನು ನಮ್ಮ ತಲೆಗೇ ಹಾಕುತ್ತದೆ. ಹೊಸದಾಗಿ ಸೀಟಿ ಹಿಡಿದ ಕಿರಿಯ ಶಿಕ್ಷಕರು ಕೇಳುವುದೂ ಇದನ್ನೇ. ಅವರಿಗೆ ಹೇಳುತ್ತ ಬಂದದ್ದನ್ನು ಇಲ್ಲಿ ಬರೆದಿದ್ದೇನೆ.

1. 'ಬಾಲ್ ಮೊದಲು ಮುಟ್ಟಿದೆ' ಎನ್ನುವುದು ವಾದ, ತೀರ್ಪಲ್ಲ

ಸೀಟಿ ಊದಿದ ಕೂಡಲೇ ನಮ್ಮಲ್ಲಿ ಬರುವ ಮೊದಲ ಮಾತು, "ಹ್ವಾಯ್ ಮಾಸ್ಟ್ರೇ, ನಾನ್ ಬಾಲ್ ಮುಟ್ಟದ್ದೇ ಫಸ್ಟ್ ಅಲ್ದಾ?" ಹೊರಗೆ ಕಟ್ಟೆಯ ಮೇಲೆ ಕೂತ ಹಿರಿಯರದ್ದೂ ಅದೇ ರಾಗ. ಅವರು ಸುಳ್ಳು ಹೇಳುತ್ತಿಲ್ಲ, ತಮ್ಮ ಕಾಲದಲ್ಲಿ ನಿಯಮವೆಂದು ನಂಬಿದ್ದನ್ನು ಹೇಳುತ್ತಿದ್ದಾರೆ. 1997ರಲ್ಲಿ ಫುಟ್ಬಾಲ್ ನಿಯಮಗಳನ್ನು ಹೊಸದಾಗಿ ಬರೆದಾಗ, ಟ್ಯಾಕಲ್ ಮಾಡುವವನು ಚೆಂಡಿಗಿಂತ ಮೊದಲು ಎದುರಾಳಿಯನ್ನು ತಾಗಿದರೆ ಫೌಲ್ ಎಂಬ ವಾಕ್ಯ ಅದರಲ್ಲಿತ್ತು. ಜನ ಅದನ್ನು ತಿರುಗಿಸಿ ಓದಿಕೊಂಡರು: ಚೆಂಡನ್ನು ಮೊದಲು ತಾಗಿದರೆ ಫೌಲ್ ಅಲ್ಲ! ಪುಸ್ತಕ ಹಾಗೆ ಹೇಳಿರಲೇ ಇಲ್ಲ. ಮುಂದೆ ಆ ವಾಕ್ಯವನ್ನೇ ತೆಗೆದುಹಾಕಿದರು. ವಾಕ್ಯ ಹೋಯಿತು, ವಾದ ಮಾತ್ರ ಉಳಿಯಿತು.

ಈಗಿನ 12ನೇ ನಿಯಮದಲ್ಲಿ ಯಾವುದು ಮೊದಲು ತಾಗಿತು ಎಂಬ ಪ್ರಶ್ನೆಯೇ ಇಲ್ಲ. ಚೆಂಡಿಗೆ ಹೋದ ರೀತಿ ಎಂಥದ್ದು ಎಂಬುದೊಂದೇ ಪ್ರಶ್ನೆ. ಕಾಲ್ಬೆರಳ ತುದಿಯಲ್ಲಿ ಚೆಂಡನ್ನು ಸವರಿ, ಅದೇ ವೇಗದಲ್ಲಿ ಎದುರಿನವನ ಮೊಣಕಾಲಿಗೆ ಬೂಟಿನ ತಳ ಕೊಟ್ಟರೆ ಅದು ಫೌಲ್, ಕೆಂಪು ಕಾರ್ಡಿನ ಫೌಲೂ ಆಗಬಹುದು. ಹಾಗೆಂದು ಚೆಂಡು ಮುಟ್ಟಿದ್ದಕ್ಕೆ ಬೆಲೆಯೇ ಇಲ್ಲವೆಂದಲ್ಲ. ಚೆಂಡನ್ನು ನೀಟಾಗಿ ತೆಗೆದವನು ಸಾಮಾನ್ಯವಾಗಿ ಹಿಡಿತದಲ್ಲೇ ಇದ್ದವನು ಎಂಬುದಕ್ಕೆ ಅದೊಂದು ಸಾಕ್ಷಿ. ಸಾಕ್ಷಿಯನ್ನು ಕೇಳಿ, ಆದರೆ ತೀರ್ಪು ಬರೆಯುವ ಕೆಲಸವನ್ನು ಅದಕ್ಕೆ ಒಪ್ಪಿಸಬೇಡಿ.

2. ಹುಡುಗನ ಮನಸ್ಸು ಓದಲು ಹೋಗಬೇಡಿ

ಎರಡನೆಯ ವಾದ, "ಬೇಕಂತ ಮಾಡದ್ದಲ್ಲ ಸರ್." ಇದು ಹೆಚ್ಚಿನ ಸಲ ನಿಜ. ಹೈಸ್ಕೂಲಿನ ಹುಡುಗ ಯಾರ ಕಾಲು ಮುರಿಯಬೇಕೆಂದೂ ಮೈದಾನಕ್ಕೆ ಇಳಿಯುವುದಿಲ್ಲ. ಒಂದು ಕಾಲದಲ್ಲಿ ನಿಯಮವೇ 'ಉದ್ದೇಶಪೂರ್ವಕ'ವೋ ಅಲ್ಲವೋ ಎಂದು ಕೇಳುತ್ತಿತ್ತು. ತೊಂಬತ್ತರ ದಶಕದ ನಡುವೆ ಅದನ್ನು ಬಿಟ್ಟರು. ಈಗ ಉದ್ದೇಶ ಕೇಳುವುದು ಮುಖ್ಯವಾಗಿ ಕೈಗೆ ಚೆಂಡು ತಾಗಿದಾಗ ಮಾತ್ರ, ಅಲ್ಲೂ ಅದೊಂದೇ ಲೆಕ್ಕವಲ್ಲ. ಕಾಲಿನ ಫೌಲಿಗೆ ಉದ್ದೇಶದ ಹಂಗಿಲ್ಲ. "ನೀನು ಬೇಕಂತ ಮಾಡಿದ್ದು ಅಂತ ನಾನು ಹೇಳಿದ್ನಾ? ಜಾಗ್ರತೆ ಸಾಲದು ಅಂದೆ ಅಷ್ಟೇ" ಎಂದು ಹೇಳಿ ನೋಡಿ, ಅರ್ಧ ಜಗಳ ಅಲ್ಲೇ ಇಳಿಯುತ್ತದೆ. ತನ್ನನ್ನು ಕೆಟ್ಟವನೆಂದು ಯಾರೂ ಹೇಳಲಿಲ್ಲ ಎಂದು ತಿಳಿದ ಮೇಲೆ ಹುಡುಗನಿಗೆ ವಾದಿಸಲು ಹೆಚ್ಚೇನೂ ಉಳಿಯುವುದಿಲ್ಲ.

3. ಮೂರು ಮೆಟ್ಟಿಲು, ಮೂರು ಬೆಲೆ

ಪಂದ್ಯ ಬಿಗಿಯಾಗುವುದು ಅಥವಾ ಹದಗೆಡುವುದು ಇಲ್ಲೇ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒದೆಯುವುದು, ಕಾಲು ಅಡ್ಡ ಕೊಟ್ಟು ಬೀಳಿಸುವುದು, ದೂಡುವುದು, ಹೊಡೆಯುವುದು, ಮೈಮೇಲೆ ಹಾರುವುದು, ಮೈಯಿಂದ ಡಿಕ್ಕಿ ಕೊಡುವುದು, ಟ್ಯಾಕಲ್ ಮಾಡುವುದು. ಈ ಏಳಕ್ಕೂ ಅಳತೆ ಒಂದೇ, ಅದಕ್ಕೆ ಮೂರು ಮೆಟ್ಟಿಲು. ಮೊದಲನೆಯದು ಅಜಾಗರೂಕತೆ. ಹುಡುಗ ಗಮನ ಕೊಡಲಿಲ್ಲ, ಎಚ್ಚರ ವಹಿಸಲಿಲ್ಲ. ಫ್ರೀ ಕಿಕ್ ಕೊಡಿ, ಕಾರ್ಡ್ ಬೇಡ. ಎರಡನೆಯದು ಹುಂಬತನ. ಎದುರಿನವನಿಗೆ ಏನಾದೀತು ಎಂಬುದನ್ನು ಲೆಕ್ಕಕ್ಕೇ ಇಡದೆ ನುಗ್ಗಿದ್ದು. ಹಳದಿ ಕಾರ್ಡ್. ಮೂರನೆಯದು ಮಿತಿಮೀರಿದ ಬಲ, ಅಥವಾ ಎದುರಾಳಿಯ ದೇಹಕ್ಕೇ ಅಪಾಯ ತಂದದ್ದು. ಕೆಂಪು.

ಪುಸ್ತಕ ಓದುವಾಗ ಇವು ಬೇರೆಬೇರೆಯಾಗಿ ಕಾಣುತ್ತವೆ, ಮೈದಾನದಲ್ಲಿ ಕಲಸಿಹೋಗುತ್ತವೆ. ನಾನು ಬೇರ್ಪಡಿಸುವುದು ಹೀಗೆ. ಚೆಂಡು ಆಡುವಷ್ಟು ಹತ್ತಿರ ಇತ್ತೇ? ಎಷ್ಟು ದೂರದಿಂದ ಓಡಿಬಂದ? ಕೊನೆಯ ಹೆಜ್ಜೆಯಲ್ಲಿ ವೇಗ ಇಳಿಸಿದನೋ, ಏರಿಸಿದನೋ? ಒಂದು ಕಾಲೋ, ಎರಡೂ ಕಾಲೋ? ಪಾದ ನೆಲಕ್ಕಂಟಿತ್ತೋ, ಎದುರಾಳಿಯ ಕಣಕಾಲಿನ ಎತ್ತರದಲ್ಲಿತ್ತೋ, ಮೊಣಕಾಲಿನ ಎತ್ತರದಲ್ಲಿತ್ತೋ? ಬೂಟಿನ ತಳ ಎದುರಿನವನಿಗೆ ಕಾಣುತ್ತಿತ್ತೇ? ಮೊಣಕಾಲು ಬಾಗಿತ್ತೋ, ಕಾಲು ಕೋಲಿನ ಹಾಗೆ ಸೆಟೆದಿತ್ತೋ? ಕೊನೆಯದಾಗಿ, ಮನಸ್ಸು ಮಾಡಿದ್ದರೆ ನಿಲ್ಲಬಹುದಿತ್ತೇ? ಎರಡೂ ಪಾದ ನೆಲ ಬಿಟ್ಟ ಮೇಲೆ ನಿಲ್ಲುವುದು ಯಾರಿಂದಲೂ ಆಗದು. ಹಾರಿದವನು ಹಾರುವಾಗಲೇ ಹಿಡಿತವನ್ನು ಕಳೆದುಕೊಂಡಿರುತ್ತಾನೆ, ಆಮೇಲಿನದ್ದೆಲ್ಲ ಅವನದೇ ಜವಾಬ್ದಾರಿ.

ಇಷ್ಟನ್ನೂ ಅರೆಕ್ಷಣದಲ್ಲಿ ಕೇಳಿಕೊಳ್ಳುವುದು ಹೇಗೆಂದು ನೀವು ಕೇಳಬಹುದು. ಕೇಳಿಕೊಳ್ಳಲು ಆಗುವುದಿಲ್ಲ, ಸರಿ. ಆದರೆ ಮನೆಯಲ್ಲಿ ಟಿವಿಯಲ್ಲಿ ಪಂದ್ಯ ನೋಡುವಾಗ ಒಂದೊಂದು ಟ್ಯಾಕಲಿಗೂ ಈ ಪ್ರಶ್ನೆ ಹಾಕುತ್ತ ಹೋದರೆ, ಒಂದು ಸೀಸನ್ ಮುಗಿಯುವಷ್ಟರಲ್ಲಿ ಕಣ್ಣು ತಾನಾಗಿ ಪಾದದ ಕಡೆಗೆ ಹೋಗುತ್ತದೆ.

ಇನ್ನೊಂದು ಮಾತು. ಒದೆಯಲು, ಹೊಡೆಯಲು, ಬೀಳಿಸಲು ಪ್ರಯತ್ನಿಸಿದರೂ ಫೌಲೇ. ತಾಗಲೇಬೇಕೆಂದಿಲ್ಲ. ಜಾರಿಬರುವ ಕಾಲಿನಿಂದ ತಪ್ಪಿಸಿಕೊಳ್ಳಲು ಫಾರ್ವರ್ಡ್ ಹುಡುಗ ಮೇಲಕ್ಕೆ ನೆಗೆದ, ಆಯ ತಪ್ಪಿ ಚೆಂಡು ಬಿಟ್ಟ. "ಮುಟ್ಟಲೇ ಇಲ್ಲ, ಎಂತ ಫೌಲ್ ಮಾರಾಯ್ರೆ?" ಎಂದು ಬೊಬ್ಬೆ ಹೊಡೆಯುತ್ತಾರೆ. ನೆಗೆಯದೆ ಇದ್ದಿದ್ದರೆ ಅವನು ಆಸ್ಪತ್ರೆಯಲ್ಲಿರುತ್ತಿದ್ದ. ಸೀಟಿ ಊದಿ.

4. ಕಬಡ್ಡಿಯ ಕೈ, ವಾಲಿಬಾಲಿನ ತೋಳು

ನಮ್ಮ ಕಡೆಯ ಹುಡುಗರು ಫುಟ್ಬಾಲಿಗೆ ಬರುವಾಗ ಬೇರೆ ಆಟದ ಅಭ್ಯಾಸ ಮೈಯಲ್ಲಿ ಹೊತ್ತೇ ಬರುತ್ತಾರೆ. ಇದು ಯಾವ ಪುಸ್ತಕದಲ್ಲೂ ಇಲ್ಲ, ಇಲ್ಲಿ ಸೀಟಿ ಊದುವವನಿಗೆ ಗೊತ್ತಿರಬೇಕು.

ಕಬಡ್ಡಿಯ ಡಿಫೆಂಡರ್ ಹುಡುಗನನ್ನು ಫುಟ್ಬಾಲಿನಲ್ಲಿ ಬ್ಯಾಕ್ ನಿಲ್ಲಿಸಿದರೆ, ಎದುರಾಳಿ ತನ್ನನ್ನು ದಾಟುತ್ತಿದ್ದಾನೆ ಎಂದು ಕಂಡ ಕ್ಷಣವೇ ಅವನ ಕೈ ಸೊಂಟಕ್ಕೋ ಅಂಗಿಗೋ ಹೋಗುತ್ತದೆ. ಅಲ್ಲಿ ಅದು ಕೌಶಲ, ಚಪ್ಪಾಳೆ. ಇಲ್ಲಿ ಹಿಡಿಯುವುದಕ್ಕೆ ಮೂರು ಮೆಟ್ಟಿಲಿನ ಲೆಕ್ಕವೂ ಇಲ್ಲ. ಹಿಡಿದು ಅವನ ಓಟಕ್ಕೆ ತಡೆಯಾದರೆ ನೇರವಾಗಿ ಫೌಲ್. ಕಬಡ್ಡಿಯಲ್ಲಿ ರೈಡರನ್ನು ಗೆರೆಯಾಚೆ ತಳ್ಳುವ ಡ್ಯಾಶ್ ಕೂಡ ಹಾಗೆಯೇ. ಕೋರ್ಟಿನಲ್ಲಿ ಅದಕ್ಕೆ ಪಾಯಿಂಟ್ ಸಿಗುತ್ತದೆ, ಇಲ್ಲಿ ಕಾರ್ಡ್ ಸಿಗುತ್ತದೆ. ಪಂದ್ಯಕ್ಕೆ ಮೊದಲು ಎರಡೂ ತಂಡವನ್ನು ಸಾಲು ನಿಲ್ಲಿಸಿದಾಗ ಇದೊಂದನ್ನು ಹೇಳಿಬಿಡುವುದು ಒಳ್ಳೆಯದು. ಹತ್ತು ಸೀಟಿ ಉಳಿಯುತ್ತದೆ.

ವಾಲಿಬಾಲಿನವರದ್ದು ಇನ್ನೊಂದು ಬಗೆ. ಅವರು ಚಂದಕೆ ನೆಗೆಯುತ್ತಾರೆ, ತೋಳು ಎತ್ತಿಯೇ ನೆಗೆಯುತ್ತಾರೆ. ತಲೆಯಿಂದ ಚೆಂಡು ಹೊಡೆಯಲು ನೆಗೆಯುವವನ ತೋಳು ಸ್ವಲ್ಪ ಅಗಲವಾಗುವುದು ಸಹಜ, ಕೈ ಕಟ್ಟಿಕೊಂಡು ಯಾರೂ ಹಾರಲಾರರು. ಆದ್ದರಿಂದ ತೋಳು ಮೇಲಿದ್ದ ಮಾತ್ರಕ್ಕೆ ಫೌಲ್ ಕೊಡಬೇಡಿ. ಮೊಣಕೈ ಯಾವ ದಿಕ್ಕಿಗೆ ಬೀಸಿತು, ಮುಷ್ಟಿ ಬಿಗಿದಿತ್ತೇ, ಎದುರಾಳಿ ಎಲ್ಲಿದ್ದಾನೆಂದು ಒಮ್ಮೆ ಕಣ್ಣು ಹಾಯಿಸಿ ಆಮೇಲೆ ಬೀಸಿದನೇ, ಇದನ್ನು ನೋಡಿ. ಆಯಕ್ಕಾಗಿ ಅಗಲವಾದ ತೋಳು ಬೇರೆ, ಎದುರಾಳಿಯ ಹೆಗಲಿಗೆ ಒರಗಿ ಮೇಲೇರಲು ಊರಿದ ತೋಳು ಬೇರೆ, ಮುಖಕ್ಕೆ ಬೀಸಿದ ತೋಳು ಬೇರೆ. ಎರಡನೆಯದಕ್ಕೆ ಫ್ರೀ ಕಿಕ್ ಸಾಕು. ಮೂರನೆಯದಕ್ಕೆ ಕಾರ್ಡ್ ಇಲ್ಲದೆ ಆಗದು.

5. ಗಾಳಿಯಲ್ಲಿ ಒಬ್ಬನಿದ್ದರೆ ನೆಲದಲ್ಲಿರುವವನನ್ನು ನೋಡಿ

ಚೆಂಡು ಮೇಲಿನಿಂದ ಬರುತ್ತಿದೆ. ಒಬ್ಬ ನೆಗೆದ. ಇನ್ನೊಬ್ಬ ನೆಗೆಯಲಿಲ್ಲ, ಬೆನ್ನು ಬಗ್ಗಿಸಿ ಒಂದು ಹೆಜ್ಜೆ ಹಿಂದೆ ಸರಿದ. ನೆಗೆದವನ ಸೊಂಟ ಅವನ ಬೆನ್ನಿಗೆ ಸಿಕ್ಕಿ, ಕಾಲು ಮೇಲೆ ತಲೆ ಕೆಳಗಾಗಿ ಬಿದ್ದ. ನೋಡುಗರ ಕಣ್ಣಿಗೆ ಮೇಲಿನವನು ಕೆಳಗಿನವನ ಮೇಲೆ ಬಿದ್ದ ಹಾಗೆ. ಕೆಳಗಿನವನೂ ಬೆನ್ನು ಹಿಡಿದುಕೊಂಡು ನರಳುತ್ತಾನೆ. ನನ್ನ ಮಟ್ಟಿಗೆ ಶಾಲಾ ಫುಟ್ಬಾಲಿನ ಅತಿ ಅಪಾಯದ ಫೌಲ್ ಇದು, ಹೆಚ್ಚು ಸಲ ತಿರುಗುಮುರುಗಾಗಿ ಕೊಡುವ ಫೌಲೂ ಇದೇ. ಕುತ್ತಿಗೆಗೆ ಪೆಟ್ಟು ಬೀಳುವುದು ನೆಗೆದವನಿಗೆ. ತಪ್ಪು ನೆಗೆಯದೆ ಅಡಿಗೆ ಸರಿದವನದ್ದು. ಚೆಂಡಿನ ಮೇಲೆ ಕಣ್ಣಿಟ್ಟವನು ಯಾರು, ಚೆಂಡು ಬಿಟ್ಟು ಆಳಿನ ಅಂದಾಜು ಮಾಡುತ್ತಿದ್ದವನು ಯಾರು ಎಂದು ನೋಡಿದರೆ ಗೊತ್ತಾಗುತ್ತದೆ.

6. ಭುಜಕ್ಕೆ ಭುಜ ಆಟವೇ

ಇಬ್ಬರು ಹುಡುಗರು ಪಕ್ಕಪಕ್ಕ ಓಡುತ್ತ ಭುಜ ಕೊಟ್ಟು ನೂಕಾಡಿದರೆ ತಾಯಂದಿರು ಎದ್ದು ನಿಲ್ಲುತ್ತಾರೆ. ಕೂರಿಸಿ. ಚೆಂಡು ಆಡುವ ಅಂತರದಲ್ಲಿದ್ದು, ಕೈಯನ್ನೂ ಮೊಣಕೈಯನ್ನೂ ಬಳಸದೆ ಮೈ ಕೊಟ್ಟು ಜಾಗಕ್ಕಾಗಿ ಸೆಣಸುವುದು ನಿಯಮದ ಒಳಗೇ ಇದೆ. ಸಪೂರ ಹುಡುಗ ಬಿದ್ದ, ಗಟ್ಟಿ ಹುಡುಗ ನಿಂತ. ಬಲ ಇರುವುದು ಫೌಲ್ ಅಲ್ಲ. ನಮ್ಮ ಮೀನುಗಾರರ ಮನೆಯ ಕೆಲವು ಹುಡುಗರು ಬಲೆ ಎಳೆದೂ ಎಳೆದೂ ಒಂಬತ್ತನೇ ಕ್ಲಾಸಿನಲ್ಲೇ ದೊಡ್ಡ ಆಳಾಗಿರುತ್ತಾರೆ. ಪ್ರತಿಸಲ ಅವರ ವಿರುದ್ಧವೇ ಸೀಟಿ ಊದಿದರೆ ಅದು ಅನ್ಯಾಯ.

ಆದರೆ ಚೆಂಡು ಆಚೆ ಹತ್ತು ಗಜ ದೂರದಲ್ಲಿರುವಾಗ ಅಡ್ಡ ನಿಂತು ಮೈ ಕೊಟ್ಟರೆ ಅದು ತಡೆ. ತಾಗದೆ ಅಡ್ಡ ಬಂದರೆ ಇನ್‌ಡೈರೆಕ್ಟ್ ಫ್ರೀ ಕಿಕ್, ತಾಗಿದರೆ ಡೈರೆಕ್ಟ್. ಚೆಂಡನ್ನು ಕಾಲ ಬಳಿಯಲ್ಲೇ ಇಟ್ಟುಕೊಂಡು ಬೆನ್ನು ಕೊಟ್ಟು ಕಾಯುವವನು ತಪ್ಪಿತಸ್ಥನಲ್ಲ. ತಾಳ್ಮೆ ಕೆಟ್ಟು ಅವನ ಬೆನ್ನಿಗೆ ಮೊಣಕಾಲು ಹಾಕುವ ಹಿಂದಿನವನು ತಪ್ಪಿತಸ್ಥ.

7. ನಿಂತ ಜಾಗವೇ ಅರ್ಧ ತೀರ್ಪು

2010ರ ಜುಲೈ 11ರಂದು ಜೋಹಾನ್ಸ್‌ಬರ್ಗಿನಲ್ಲಿ ವಿಶ್ವಕಪ್ ಫೈನಲ್, ನೆದರ್ಲೆಂಡ್ಸ್ ಮತ್ತು ಸ್ಪೇನ್. ನೈಜೆಲ್ ಡಿ ಯೋಂಗ್ ಎತ್ತಿದ ಕಾಲು ಶಾಬಿ ಅಲೊನ್ಸೊನ ಎದೆಗೇ ನಾಟಿತು. ರೆಫ್ರಿ ಹೊವಾರ್ಡ್ ವೆಬ್ ಹಳದಿ ತೋರಿಸಿದರು. ಇಡೀ ಪ್ರಪಂಚ ಟಿವಿಯಲ್ಲಿ ಕಂಡದ್ದು ಅವರಿಗೆ ಪೂರ್ತಿ ಕಂಡಿರಲಿಲ್ಲ, ನಡುವೆ ಆಟಗಾರರು ಅಡ್ಡವಿದ್ದರು. ಅದು ಕೆಂಪೇ ಆಗಬೇಕಿತ್ತೆಂದು ಆಮೇಲೆ ಅವರೇ ಹೇಳಿದ್ದಾರೆ. ಜಗತ್ತಿನ ಅತ್ಯುತ್ತಮ ರೆಫ್ರಿಗಳಲ್ಲಿ ಒಬ್ಬರಾಗಿದ್ದವರು ಅವರು. ಅವರಿಗೇ ಹಾಗಾದರೆ, ನಡುಗೆರೆಯ ವೃತ್ತದಲ್ಲಿ ನಿಂತಲ್ಲೇ ನಿಂತು ಸೀಟಿ ಊದುವ ನಮ್ಮ ಗತಿ ಏನು?

ಇಬ್ಬರು ಎದುರುಬದುರಾಗಿ ಚೆಂಡಿಗೆ ಬರುತ್ತಿದ್ದರೆ ನೀವು ಅವರ ಪಕ್ಕಕ್ಕಿರಬೇಕು, ಹಿಂದಲ್ಲ. ಹಿಂದೆ ನಿಂತವನಿಗೆ ಬರೀ ಬೆನ್ನು ಕಾಣುತ್ತದೆ, ಪಾದ ಮತ್ತು ಚೆಂಡಿನ ನಡುವಿನ ಸಂದು ಕಾಣುವುದಿಲ್ಲ. ಎರಡು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದರೆ ಸಾಕು, ಅದೇ ಘಟನೆ ಬೇರೆಯೇ ಕಾಣುತ್ತದೆ. ತೀರಾ ಹತ್ತಿರ ಹೋದರೂ ತೊಂದರೆ. ಪಾದ ನೋಡಿದರೆ ಮೊಣಕೈ ತಪ್ಪುತ್ತದೆ. ನಮ್ಮ ಶಾಲಾ ಮೈದಾನಗಳಲ್ಲಿ ಇನ್ನೊಂದು ಸಂಕಟವಿದೆ, ಸಂಜೆ ಪಡುವಣದ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಕಡಲ ಕಡೆಗೆ ಮುಖ ಮಾಡಿ ನಿಲ್ಲದ ಹಾಗೆ ಓಡುವ ದಾರಿಯನ್ನು ಮೊದಲೇ ಯೋಚಿಸಿಕೊಳ್ಳಿ.

8. ಚೆಂಡು ಹೋದ ಮೇಲೂ ಅಲ್ಲೇ ಒಂದು ಕ್ಷಣ ಕಣ್ಣಿಡಿ

1982ರ ವಿಶ್ವಕಪ್ ಸೆಮಿಫೈನಲ್, ಸ್ಪೇನಿನ ಸೆವಿಲ್ಲೆ. ಫ್ರಾನ್ಸಿನ ಪ್ಯಾಟ್ರಿಕ್ ಬ್ಯಾಟಿಸ್ಟನ್ ಚೆಂಡನ್ನು ಮುಂದಕ್ಕೆ ಹೊಡೆದಾಗಿತ್ತು, ಅದು ಗೋಲಿನ ಪಕ್ಕಕ್ಕೆ ಉರುಳಿಹೋಗುತ್ತಿತ್ತು. ಅಷ್ಟರಲ್ಲಿ ಪಶ್ಚಿಮ ಜರ್ಮನಿಯ ಗೋಲ್ ಕೀಪರ್ ಹರಾಲ್ಡ್ ಶುಮಾಕರ್ ಗಾಳಿಯಲ್ಲಿ ಹಾರಿ ಬಂದು ಅವನಿಗೆ ಅಪ್ಪಳಿಸಿದ. ಬ್ಯಾಟಿಸ್ಟನ್ ಪ್ರಜ್ಞೆ ತಪ್ಪಿ ಬಿದ್ದ, ಹಲ್ಲು ಉದುರಿದವು. ರೆಫ್ರಿ ಫೌಲನ್ನೂ ಕೊಡಲಿಲ್ಲ, ಕಾರ್ಡನ್ನೂ ತೋರಿಸಲಿಲ್ಲ. ಆಟ ಮುಂದುವರಿದದ್ದು ಗೋಲ್ ಕಿಕ್ಕಿನಿಂದ. ಪಂದ್ಯ 3-3 ಆಗಿ, ಪೆನಾಲ್ಟಿಯಲ್ಲಿ ಜರ್ಮನಿ ಗೆದ್ದಿತು.

ಎಲ್ಲರ ಕಣ್ಣೂ ಚೆಂಡಿನ ಹಿಂದೆ ಹೋಗುವುದು ಸಹಜ. ನೋಡುಗರು ದುಡ್ಡು ಕೊಟ್ಟು ಬರುವುದೇ ಅದಕ್ಕೆ. ಸೀಟಿ ಹಿಡಿದವನ ಕಣ್ಣು ಮಾತ್ರ ಚೆಂಡು ಹೊರಟುಹೋದ ಜಾಗದಲ್ಲಿ ಇನ್ನೂ ಒಂದು ಉಸಿರಿನಷ್ಟು ಹೊತ್ತು ಉಳಿಯಬೇಕು. ತಡವಾಗಿ ಬಂದ ಟ್ಯಾಕಲ್, ಪಾದದ ಮೇಲೆ ಬೂಟು ಊರುವುದು, ಬಿದ್ದವನ ಮೇಲೆ ಕಾಲಿಟ್ಟು ಹೋಗುವುದು, ಎಲ್ಲ ನಡೆಯುವುದು ಆಗಲೇ. ಪಾಸ್ ಎಲ್ಲಿಗೆ ಹೋಯಿತೆಂದು ತಿಳಿಯಲು ಜನರ ಬೊಬ್ಬೆಯೇ ಸಾಕು.

9. ನೆಲ ನೋಡಿ ಸೀಟಿ ಊದಿ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಶಾಲಾ ಕ್ರೀಡಾಕೂಟಗಳ ಹಂಗಾಮೂ ಮಳೆಗಾಲವೂ ಒಟ್ಟಿಗೇ ಬರುವುದು. ಹಾಗಾಗಿ ಒಣನೆಲದಲ್ಲಿ ಆಡುವ ಭಾಗ್ಯ ನಮ್ಮ ಮಕ್ಕಳಿಗೆ ಕಡಿಮೆ. ಕಡಲ ಬದಿಯ ಶಾಲೆಗಳಲ್ಲಿ ಹೊಯ್ಗೆ ನೆಲ, ಮೂಡಲ ಕಡೆಗೆ ಹೋದರೆ ಮುರಕಲ್ಲಿನ ಕೆಂಪು ನೆಲ. ಹೊಯ್ಗೆಯಲ್ಲಿ ಜಾರಿದವನು ಅಲ್ಲೇ ಹೂತು ನಿಲ್ಲುತ್ತಾನೆ. ಕೆಂಪು ನೆಲದ ಮೇಲೆ ಪಾಚಿ ಕಟ್ಟಿ ಮಳೆ ಬಿದ್ದರೆ ಜಾರಿದವನಿಗೆ ಬ್ರೇಕೇ ಇಲ್ಲ. ಬೇಸಿಗೆಯಲ್ಲಿ ಚೊಕ್ಕವಾಗಿದ್ದ ಟ್ಯಾಕಲ್, ಆಗಸ್ಟಿನಲ್ಲಿ ಎರಡು ಮಾರು ಮುಂದೆ ಹೋಗಿ ಕಾಲಿಗೆ ತಾಗುತ್ತದೆ.

"ನೆಲ ಜಾರ್ತ್ ಸರ್, ನಾನ್ ಎಂತ ಮಾಡೂದ್?" ಎಂದು ಹುಡುಗ ಕೇಳುತ್ತಾನೆ. ನೆಲ ಜಾರುತ್ತದೆಂದು ಎಲ್ಲರಿಗಿಂತ ಚೆನ್ನಾಗಿ ಅವನಿಗೇ ಗೊತ್ತು, ಅವನು ಆ ಊರಿನವನೇ. ಗೊತ್ತಿದ್ದೂ ಆ ವೇಗದಲ್ಲಿ ಜಾರಿದರೆ ಅಜಾಗರೂಕತೆ ಇನ್ನೂ ಖಚಿತ. ಹೀಗಾಗಿ ಮಳೆಯ ದಿನ ನಾನು ಫೌಲ್ ಬೇಗ ಕೊಡುತ್ತೇನೆ, ಕಾರ್ಡ್ ನಿಧಾನಕ್ಕೆ ತೆಗೆಯುತ್ತೇನೆ. ಎರಡು ಕಾಲಿನ ಟ್ಯಾಕಲಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಆಸಾಡಿಯ ಕೆಸರು ಗದ್ದೆ ಆಟದ ವಿಷಯ ಬೇರೆ. ಅಲ್ಲಿ ಬೀಳುವುದೇ ಮಜಾ. ಅಲ್ಲಿಗೆ ನಿಯಮ ಪುಸ್ತಕ ಒಯ್ದು ಹಬ್ಬ ಕೆಡಿಸಬೇಡಿ, ಹಿಡಿದು ಎಳೆದಾಡುವುದನ್ನು ತಡೆದರೆ ಸಾಕು.

ಬರಿಗಾಲಿನ ಪ್ರಶ್ನೆಯೂ ನೆಲಕ್ಕೇ ಸೇರಿದ್ದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತ ಫ್ರಾನ್ಸಿಗೆ 1-2ರಿಂದ ಸೋತಾಗ ನಮ್ಮ ಹೆಚ್ಚಿನವರು ಬರಿಗಾಲಿನಲ್ಲೇ ಆಡಿದ್ದರು. ಭಾರತದ ಆ ಒಂದು ಗೋಲು ಹೊಡೆದವರು ಸಾರಂಗಪಾಣಿ ರಾಮನ್. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು 1-10ರಿಂದ ಸೋತಾಗ ಒಂದು ಗೋಲು ತಂದವರು ಬೆಂಗಳೂರಿನ ಅಹ್ಮದ್ ಖಾನ್. ಹೆಮ್ಮೆಯ ಹೆಸರುಗಳು, ನಿಜ. ಆದರೆ ಅದನ್ನೇ ಹಿಡಿದು ಇವತ್ತು ಒಂದು ತಂಡ ಬರಿಗಾಲಲ್ಲಿ, ಇನ್ನೊಂದು ತಂಡ ಸ್ಟಡ್ ಬೂಟಿನಲ್ಲಿ ಆಡಲು ಬಿಡಬಾರದು. ಅಂಗಿ, ಚಡ್ಡಿ, ಸಾಕ್ಸ್, ಶಿನ್ ಗಾರ್ಡ್, ಪಾದರಕ್ಷೆ ಇಷ್ಟೂ ಕಡ್ಡಾಯವೆಂದು 4ನೇ ನಿಯಮ ಹೇಳುತ್ತದೆ. ಬರಿಗಾಲಿನ ಮೇಲೆ ಬೂಟು ಬಿದ್ದರೆ ಸಣ್ಣ ಅಜಾಗರೂಕತೆಗೂ ಬೆರಳು ಮುರಿಯುತ್ತದೆ. ಆಗ ನಿಮ್ಮ ಮೂರು ಮೆಟ್ಟಿಲಿನ ಲೆಕ್ಕವೆಲ್ಲ ತಲೆಕೆಳಗು.

10. ಗೋಲ್ ಕೀಪರ್ ದೇವರಲ್ಲ

ಚೆಂಡು ಕೀಪರನ ಕೈಯಲ್ಲಿದ್ದಾಗ, ಅಥವಾ ಕೈಗೂ ನೆಲಕ್ಕೂ ನಡುವೆ ಒತ್ತಿಹಿಡಿದಿದ್ದಾಗ, ಯಾರೂ ಸೆಣಸುವ ಹಾಗಿಲ್ಲ. ಅದಕ್ಕೆ ಮೊದಲು ಅವನೂ ಎಲ್ಲರಂತೆ ಒಬ್ಬ ಆಟಗಾರ. ಮೊಣಕಾಲು ಮುಂದೆ ಮಾಡಿ ನೆಗೆದು ಫಾರ್ವರ್ಡಿನ ಪಕ್ಕೆಗೆ ಕೊಟ್ಟರೆ ಪೆನಾಲ್ಟಿ.

11. ಡಿ ಒಳಗೆ ತಕ್ಕಡಿ ಬದಲಾಗಬಾರದು

ನಡುಮೈದಾನದಲ್ಲಿ ಕೊಡುವ ಫೌಲನ್ನು ಡಿ ಒಳಗೆ, ಅಂದರೆ ಪೆನಾಲ್ಟಿ ಏರಿಯಾದಲ್ಲಿ, ಕೊಡಲು ನಮ್ಮವರ ಕೈ ನಡುಗುತ್ತದೆ, ಅದರಲ್ಲೂ ಆತಿಥೇಯ ಶಾಲೆಯ ಹೆಡ್‌ಮಾಸ್ಟ್ರು ಎದುರಿಗೇ ಕೂತಿದ್ದರೆ. ಪೆನಾಲ್ಟಿ ಕಿಕ್ 1891ರಿಂದ ನಿಯಮದಲ್ಲಿದೆ, ಈಗ ಅದಕ್ಕೆ ಬೇರೆ ಅಳತೆಗೋಲು ಇಲ್ಲ. ಈಚೆಗೆ ಬದಲಾದದ್ದು ಕಾರ್ಡ್ ಮಾತ್ರ. ಖಚಿತ ಗೋಲಿನ ಅವಕಾಶವನ್ನು ಡಿ ಒಳಗೆ ಫೌಲ್ ಮಾಡಿ ತಪ್ಪಿಸಿದರೆ ಮೊದಲು ಕೆಂಪೇ ಆಗುತ್ತಿತ್ತು. 2016ರಿಂದ, ಚೆಂಡಿಗಾಗಿ ನಿಜವಾಗಿ ಪ್ರಯತ್ನಿಸುವಾಗ ಆದ ಫೌಲಾದರೆ ಪೆನಾಲ್ಟಿಯ ಜೊತೆ ಹಳದಿ ಸಾಕು. ಹಿಡಿದೆಳೆದರೆ, ದೂಡಿದರೆ, ಚೆಂಡು ಸಿಗುವ ಸಾಧ್ಯತೆಯೇ ಇಲ್ಲದಿದ್ದರೆ ಮೊದಲಿನಂತೆ ಕೆಂಪು. ಮತ್ತೆ ಮಳೆಗೆ ಸುಣ್ಣದ ಗೆರೆ ತೊಳೆದುಹೋಗುತ್ತದೆ. ಡಿ ಮೂಲೆಗಳಿಗೆ ಏನಾದರೂ ಗುರುತು ಮಾಡಿಸಿಟ್ಟುಕೊಳ್ಳಿ. ಗೆರೆಯ ಮೇಲಾದ ಫೌಲ್ ಡಿ ಒಳಗಿನದ್ದೇ.

12. ಸೀಟಿಗೆ ಮೊದಲು ಕಾಯಿರಿ, ಸೀಟಿಯ ನಂತರ ಎಚ್ಚರವಿರಲಿ

ಫೌಲ್ ಆಯಿತು, ಆದರೆ ಬಿದ್ದವನ ಜೊತೆಗಾರನಿಗೆ ಚೆಂಡು ಸಿಕ್ಕಿ ಎದುರಿಗೆ ಖಾಲಿ ಜಾಗ. ಅಡ್ವಾಂಟೇಜ್ ಕೊಡಿ. ಕೆಲವೇ ಸೆಕೆಂಡಿನಲ್ಲಿ ಲಾಭ ಸಿಗದಿದ್ದರೆ ಹಿಂದಿನ ಫೌಲಿಗೇ ವಾಪಸ್ ಬರಬಹುದು. ಕೆಂಪು ಕಾರ್ಡಿನಂಥ ಫೌಲಾಗಿದ್ದರೆ, ಗೋಲು ಆಗಿಯೇಬಿಡುವಂತಿದ್ದರೆ ಹೊರತು, ಆಟ ಬಿಡಬೇಡಿ. ಮಕ್ಕಳ ಪಂದ್ಯದಲ್ಲಿ ನಾನು ಇನ್ನೂ ಜಿಪುಣ. ಗೆಳೆಯ ಬಿದ್ದು ಅಳುತ್ತಿರುವಾಗ ಹನ್ನೆರಡು ವರ್ಷದವರು ಆಟ ಮುಂದುವರಿಸುವುದೇ ಇಲ್ಲ, ಹೋಗಿ ಅವನ ಸುತ್ತ ನಿಲ್ಲುತ್ತಾರೆ.

ಫೌಲ್ ಕೊಟ್ಟ ಮೇಲಿನ ಅರ್ಧ ನಿಮಿಷ ಹೇಗೆ ಕೈಮೀರಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. 2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ ನಾಕೌಟ್. ಗೋಲಿಲ್ಲದೆ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿತ್ತು. ಡಿ ಹೊರಗೆ ಸಿಕ್ಕಿದ ಫ್ರೀ ಕಿಕ್ಕನ್ನು, ಎದುರಿನವರು ಇನ್ನೂ ಗೋಡೆ ಕಟ್ಟುವ ಮೊದಲೇ ಬೆಂಗಳೂರಿನ ಸುನಿಲ್ ಛೆಟ್ರಿ ಗೋಲಿಗೆ ಹಾಕಿಬಿಟ್ಟರು. ರೆಫ್ರಿ ಗೋಲು ಕೊಟ್ಟರು. ಕೇರಳದವರು ಆಟ ಬಿಟ್ಟು ಹೊರನಡೆದರು. ಪಂದ್ಯ ಬೆಂಗಳೂರಿನ ಪಾಲಾಯಿತು, ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಬಿತ್ತು. ಆ ಪಂದ್ಯದ ಮರುದಿನವೇ, ಮಾರ್ಚ್ 4ರಂದು, ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಅದು ಮಾತ್ರ ನಮ್ಮಲ್ಲಿ ಅರ್ಧಕ್ಕರ್ಧ ಜನರಿಗೆ ಗೊತ್ತೇ ಇಲ್ಲ, ಜಗಳ ಎಲ್ಲರಿಗೂ ಗೊತ್ತು.

ಬೇಗ ಫ್ರೀ ಕಿಕ್ ತೆಗೆಯುವುದು ಫೌಲಿಗೆ ಒಳಗಾದ ತಂಡದ ಹಕ್ಕು. ಆದರೆ ನೀವು ಗೋಡೆಯ ಅಂತರ ಅಳೆಯಲು, ಕಾರ್ಡ್ ತೋರಿಸಲು, ಗಾಯಾಳುವನ್ನು ನೋಡಲು ಮುಂದಾದರೆ, 'ಸೀಟಿ ಆದ ಮೇಲೆಯೇ' ಎಂದು ಸೀಟಿಯತ್ತ ಬೆರಳು ತೋರಿಸಿ ಎಲ್ಲರಿಗೂ ಕಾಣುವಂತೆ ಹೇಳಿ. ಮನಸ್ಸಿನಲ್ಲೇ ಇಟ್ಟುಕೊಂಡರೆ ಸಾಲದು.

ಹೇಳುವ ಮಾತು ಚುಟುಕಾಗಿರಲಿ. "ತಡವಾಯ್ತು, ಕಾಲಿಗೆ ಬಿತ್ತು." ಅಷ್ಟೇ. ಭಾಷಣ ಶುರು ಮಾಡಿದರೆ ಹನ್ನೊಂದು ಜನ ವಕೀಲರು ಹುಟ್ಟಿಕೊಳ್ಳುತ್ತಾರೆ. ಸೀಟಿಯ ಸದ್ದಿಗೂ ಅಳತೆ ಇರಲಿ, ಸಣ್ಣ ಫೌಲಿಗೆ ಗಿಡ್ಡ ಸೀಟಿ, ಕಾರ್ಡಿನ ಫೌಲಿಗೆ ಉದ್ದನೆಯದ್ದು. ಕಾರ್ಡುಗಳು ವಿಶ್ವಕಪ್ಪಿಗೆ ಬಂದದ್ದೇ 1970ರಲ್ಲಿ, ಟ್ರಾಫಿಕ್ ದೀಪ ನೋಡಿ ಇಂಗ್ಲೆಂಡಿನ ರೆಫ್ರಿ ಕೆನ್ ಆಸ್ಟನ್‌ಗೆ ಹೊಳೆದ ಉಪಾಯ ಅದು. ಭಾಷೆ ಬಾರದ ಆಟಗಾರನಿಗೂ ತಿಳಿಯಲಿ ಎಂದು ತಂದ ಚೀಟಿ. ಅದನ್ನು ಮೂಗಿನ ಹತ್ತಿರ ಹಿಡಿದು ಝಳಪಿಸುವ ಅಗತ್ಯವಿಲ್ಲ.

ಕೊನೆಗೆ ಶಾಲೆಯ ಆಡಳಿತದವರಲ್ಲಿ, ಹಳೆ ವಿದ್ಯಾರ್ಥಿ ಸಂಘದವರಲ್ಲಿ ಒಂದು ಕೋರಿಕೆ. ಕ್ರೀಡಾಕೂಟಕ್ಕೆ ಶಾಮಿಯಾನ, ಮೈಕ್, ಟ್ರೋಫಿ ಎಂದು ಖರ್ಚು ಮಾಡುವಾಗ ಅದರಲ್ಲಿ ಒಂದು ಪಾಲು ತೆಗೆದು ಎರಡು ತಂಡಕ್ಕಾಗುವಷ್ಟು ಶಿನ್ ಗಾರ್ಡ್ ತಂದಿಡಿ. ಒಮ್ಮೆ ತಂದರೆ ಹಲವು ವರ್ಷ ಬರುತ್ತದೆ, ಶಾಲೆಯಿಂದ ಶಾಲೆಗೆ ಎರವಲು ಕೊಡಲೂಬಹುದು.